ವೆರ್ಣಾದಲ್ಲಿ ಒಂದು ರೀಲು ಕಡಿಮೆ

ರಾಗಿಕಾಳಿಗಿಂತ ಚಿಕ್ಕದು.
ಸೀನಿದರೆ ಹಾರಿಹೋಗುತ್ತದೆ.
ಅದೊಂದು ಇಲ್ಲದೆ ನಿಂತಿವೆ ಇವತ್ತು
ಮೂರು ಸಾವಿರದ ಇನ್ನೂರು ಹಸಿರು ಹಲಗೆ,
ಟ್ರೇಯ ಮೇಲೆ ಟ್ರೇ,
ಪಂಕ್ತಿಯಲ್ಲಿ ಕೂತು, ಎಲ್ಲ ಬಡಿಸಿಯೂ
ಉಪ್ಪಿನವನಿಗೆ ಕಾಯುವವರ ಹಾಗೆ.

ನಾನು ಸ್ಟೋರಿನ ಗುದ್ಲೆಪ್ಪ. ಎಣಿಕೆ ನನ್ನ ಕಸುಬು:
ಬಂದದ್ದು, ಹೋದದ್ದು,
ಬರುತ್ತೇನೆಂದು ಬಾರದೆ ಉಳಿದದ್ದು.
ಮೂರನೆಯ ಕಾಲಮ್ಮೇ ಉದ್ದ.
ಶೆನ್‌ಜೆನ್ನಿನಿಂದ ಮೇಲ್ ಬಂದಿದೆ, ಬಹಳ ವಿನಯದ್ದು:
ಇಪ್ಪತ್ತಾರು ವಾರ.
ಇವತ್ತು ಹುಟ್ಟಿದ ಕೂಸು ಅಷ್ಟರಲ್ಲಿ
ಎದ್ದು ಕೂತು ಹಲ್ಲು ತೋರಿಸುತ್ತದೆ.

ಅದೇ ಬೆಳಿಗ್ಗೆ ಗುರುಗ್ರಾಮದ ಗಿರಾಕಿಯ ಫೋನು:
ಮುಂದಿನ ವರ್ಷ ಹತ್ತು ಪಟ್ಟು ಮಾಲು, ಆಗುತ್ತದೆಯೆ?
ದರದಲ್ಲಿ ಮಾತ್ರ ನೂರಕ್ಕೆ ಮೂರು ಇಳಿಸಿ.
ಹಣ ನೂರಿಪ್ಪತ್ತು ದಿನಕ್ಕೆ.
ನಮ್ಮ ಸಾಹೇಬರು, ಅನಾಕ್ಲೆತ್ ಫುರ್ತಾದ್,
ಹಾಂ ಎಂದರು, ಹಾಂ ಹಾಂ ಎಂದರು,
ಆಮೇಲೆ ಕುರ್ಚಿಯ ಕೈ ಹಿಡಿದುಕೊಂಡರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಹಾಸಿಗೆ ಗಿರಾಕಿಯದು,
ಕಾಲು ಬ್ಯಾಂಕಿನದು,
ನಿದ್ದೆಗೆಡುವುದಷ್ಟೇ ನಮ್ಮ ಪಾಲಿನದು.

ಎರಡನೆಯ ಲೈನು ಹಾಕಬೇಕು.
ಚೆನ್ನೈಯಲ್ಲೊಂದು ಹಳೆ ಮಷೀನು ಇದೆಯಂತೆ,
ಕೊಕ್ಕು ಸವೆದಿದೆ, ಆದರೂ ಗಂಟೆಗೆ
ನಲವತ್ತು ಸಾವಿರ ಕಾಳು ಹೆಕ್ಕುತ್ತದೆ.
ಸಾಲಕ್ಕೆ ಹೋದರೆ ವಾಸ್ಕೋದ ಬ್ಯಾಂಕಿನವನು ಕೇಳಿದ:
ನಿಮ್ಮ ಮಾಲಿನ ಮೇಲೆ ನಿಮ್ಮ ಹೆಸರೆಲ್ಲಿ?
ಸಾಹೇಬರು ಹಲಗೆಯನ್ನು ಆ ಕಡೆ ತಿರುಗಿಸಿದರು,
ಈ ಕಡೆ ತಿರುಗಿಸಿದರು.
ಮೂಲೆಯಲ್ಲಿ ಜೀರಿಗೆಯಷ್ಟು ಬಿಳಿ ಅಕ್ಷರ.
ಅದೂ ಹಲಗೆ ಕೊರೆದು ಕಳಿಸಿದವನದು.

ಜೂನಿನಲ್ಲಿ ಇಲ್ಲಿ ಗಾಳಿಗೂ ಲೆಕ್ಕ.
ಚಿಪ್ಪಿನ ಚೀಲ ಒಡೆದರೆ ಒಳಗಿನ ಕಾರ್ಡಿನ ನೀಲಿ ಚುಕ್ಕೆ
ನೋಡನೋಡುತ್ತ ಗುಲಾಬಿಗೆ ತಿರುಗುತ್ತದೆ.
ನಾಚಿಕೆಯಲ್ಲ, ತೇವ.
ಮತ್ತೆ ಓವನ್ನಿಗೆ ಹಾಕಿ ಒಣಗಿಸಬೇಕು ರಾತ್ರಿಯಿಡೀ,
ಕರೆಂಟು ಬಿಲ್ಲಿಗೆ ಬೇರೆ ಖಾತೆ ಬರೆಯಬೇಕು.
ಸಾಹೇಬರ ತಾಯಿ ಒಮ್ಮೆ ಬಂದವರು ಕೇಳಿದರು,
ಹಪ್ಪಳದ ಫ್ಯಾಕ್ಟರಿಯೇನೋ ಇದು?

ಮಾಬೂಬಿಗೆ ಒಂಬತ್ತು ವರ್ಷದ ಕಣ್ಣು.
ಮೈಕ್ರೋಸ್ಕೋಪಿಗೆ ಬಗ್ಗಿ ಬೆಸುಗೆ ನೋಡಿದರೆ ಸಾಕು,
ಯಾವ ಪಾಳಿ, ಯಾರ ಕೈ, ಅವರು ಊಟ ಮಾಡಿದ್ದರೋ ಇಲ್ಲವೋ
ಅಷ್ಟೂ ಹೇಳುತ್ತಾಳೆ.
ಆಚೆ ಗೇಟಿನ ಔಷಧಿ ಕಂಪನಿ
ತಿಂಗಳಿಗೆ ಸಾವಿರದ ಎಂಟುನೂರು ಹೆಚ್ಚು ಕೊಡುತ್ತದೆ,
ಝುವಾರಿನಗರದ ತನಕ ಬಸ್ಸೂ ಇದೆ.
‘ಹೋಗ್ಲೇನ್ರಿ ಗುದ್ಲೆಪ್ಪಣ್ಣ?’ ಅಂದಳು ನಿನ್ನೆ.
ಹೋಗಬೇಡ ಅನ್ನಲು ನನ್ನ ಹತ್ತಿರ ಏನಿತ್ತು?
‘ಚಾ ಕುಡೀ’ ಅಂದೆ.

ಮನೆಯಲ್ಲಿ ಅವಳ ಬಾಗಿಲ ಮೇಲಿನ ಮೀಟರಿನೊಳಗೆ
ಇರುವುದು ನಮ್ಮದೇ ಹಲಗೆ.
ಕೆಂಪು ದೀಪ ಮಿಟುಕುತ್ತದೆ,
ಅವಳನ್ನೇ ಎಣಿಸುತ್ತದೆ.
‘ನಾ ಹಚ್ಚಿದ್ದು, ಒಂದ್ ಸಲಾನೂ ತಪ್ಪೂದಿಲ್ಲ, ಹಾಳಾದ್ದು’
ಅನ್ನುತ್ತಾಳೆ. ಬಯ್ಗುಳವೋ ಅಭಿಮಾನವೋ
ನನಗೆ ತಿಳಿಯಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.
ರಾಗಿಗಿಂತ ಚಿಕ್ಕದಕ್ಕೆ ಹೋಗುವುದಕ್ಕೆ
ಗಾದೆ ಇನ್ನೂ ಹುಟ್ಟಿಲ್ಲ.

ರಾತ್ರಿ ಒಂಬತ್ತಕ್ಕೆ, ಮಷೀನು ಮಲಗಿದ ಮೇಲೆ,
ಅವಳು ಕಸದ ಡಬ್ಬಿ ಬೋರಲು ಹಾಕಿದಳು.
ಹಳೆ ರೀಲುಗಳ ಬಾಲ, ಬೆರಳುದ್ದದ ತುಂಡು ಪಟ್ಟಿ,
ಮಷೀನು ಬಾಯಿಗೆ ಹಿಡಿಯದೆ ಉಗುಳಿದ್ದು.
ಚಿಮಟದ ತುದಿಯಲ್ಲಿ ಒಂದೊಂದೇ ಬಿಡಿಸಿ
ಬಿಳಿ ತಟ್ಟೆಗೆ ಇಟ್ಟಳು. ನಾನು ಉಸಿರು ಹಿಡಿದು ಎಣಿಸಿದೆ.
ಇನ್ನೂರ ಹನ್ನೆರಡು.

ಉಳಿದವು ಎರಡು ಸಾವಿರದ ಒಂಬೈನೂರ ಎಂಬತ್ತೆಂಟು.
ಸಾಹೇಬರು ಬಾಗಿಲಲ್ಲಿ ನಿಂತು ನೋಡಿದರು,
ಕನ್ನಡಕ ಒರೆಸಿಕೊಂಡರು, ಏನೂ ಹೇಳದೆ
ಎರಡನೆಯ ಲೈನಿಗೆಂದು ಗೋಡೆವರೆಗೆ ಎಳೆದ
ಹಳದಿ ಪಟ್ಟೆಯ ಮೇಲೆ ನಡೆದುಹೋದರು.

ನಾನು ಪುಸ್ತಕ ತೆರೆದು ನಾಲ್ಕನೆಯ ಕಾಲಮ್ಮಿಗೆ ಗೆರೆ ಹೊಡೆದೆ.
212 ಎಂದು ಬರೆದೆ.
ಮೇಲೆ ತಲೆಬರಹ ಏನು ಕೊಡಬೇಕೋ
ಹೊಳೆಯಲಿಲ್ಲ.